ಕ್ಯಾನ್ಸರ್ ಸರ್ಜರಿ ನೋಡಲು ಹೋದಾಗ: ತೆಗೆದ ತುಂಡಿನ ಹಿಂದೆ ಹೋಗಿ

ಓಟಿಯಲ್ಲಿ (ಆಪರೇಷನ್ ಥಿಯೇಟರ್) ಮೆಡಿಕಲ್ ವಿದ್ಯಾರ್ಥಿಗಳಾದ ನಾವೆಲ್ಲ ಸರ್ಜನ್ ಕೈ ಕಾಣಲಿ ಅಂತ ಕತ್ತು ಚಾಚುತ್ತೇವೆ. ಹಿಂದೆ ನಿಂತವರಿಗೆ ಕಾಣುವುದು ಬೆನ್ನುಗಳಷ್ಟೇ! ಕೈಗಳನ್ನು ಎದೆಯ ಹತ್ತಿರ ಇಟ್ಟುಕೊಳ್ಳಿ, ಸ್ಟೆರೈಲ್ (ರೋಗಾಣುಮುಕ್ತ) ಬಟ್ಟೆ ಮುಟ್ಟಬೇಡಿ. ಉಳಿದಂತೆ, ಗಡ್ಡೆ ಹೊರಗೆ ಬಂದ ಮೇಲೆ ಅದಕ್ಕೇನು ಮಾಡುತ್ತಾರೆ ಅಂತ ಗಮನಿಸಿ. ನನ್ನ ಪ್ರಕಾರ ಕಲಿಯೋದು ಜಾಸ್ತಿ ಇರುವುದು ಅಲ್ಲೇ.

ಸ್ತನ ಕ್ಯಾನ್ಸರ್‌ನ ಲಂಪೆಕ್ಟಮಿ ನೋಡಿ, ಅಂದರೆ ಇಡೀ ಸ್ತನ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಸರ್ಜರಿ. ಗಡ್ಡೆಯ ಜೊತೆ ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಸ್ವಲ್ಪ ತೆಗೆಯುತ್ತಾರೆ. ಆ ತುಂಡಿನ ಅಂಚೇ ಮಾರ್ಜಿನ್. ಸರ್ಜನ್ ಅದಕ್ಕೆ ಎರಡು ದಾರ ಹೊಲಿಯುತ್ತಾರೆ. ಸಾಮಾನ್ಯವಾಗಿ ಗಿಡ್ಡ ದಾರ ಮೇಲ್ಬದಿಗೆ (ತಲೆಯ ಕಡೆ), ಉದ್ದದ್ದು ಹೊರಬದಿಗೆ (ತೋಳಿನ ಕಡೆ): 'ಶಾರ್ಟ್ ಸುಪೀರಿಯರ್, ಲಾಂಗ್ ಲ್ಯಾಟರಲ್'. ಈ ಗುರುತು ಇಲ್ಲದಿದ್ದರೆ, ಒಂದು ಅಂಚಿನಲ್ಲಿ ಕ್ಯಾನ್ಸರ್ ಸಿಕ್ಕರೂ ಮತ್ತೆ ಎಲ್ಲಿ ಕತ್ತರಿಸಬೇಕು ಅಂತ ಯಾರಿಗೂ ತಿಳಿಯುವುದಿಲ್ಲ.

ಅಂಗಾಂಶ ಪರೀಕ್ಷಿಸುವ ಪೆಥಾಲಜಿ ವಿಭಾಗದಲ್ಲಿ ತುಂಡಿನ ಹೊರಮೈಗೆ ಇಂಕ್ ಬಳಿದು, ಆಮೇಲೆ ಹೋಳು ಮಾಡುತ್ತಾರೆ. ಮೈಕ್ರೋಸ್ಕೋಪ್‌ನಲ್ಲಿ ಕ್ಯಾನ್ಸರ್ ಕೋಶ ಇಂಕಿಗೆ ತಾಗಿದ್ದರೆ ಮಾರ್ಜಿನ್ ಪಾಸಿಟಿವ್, ಅಂದರೆ ಒಳಗೆ ಕ್ಯಾನ್ಸರ್ ಉಳಿದಿರಬಹುದು. ಇನ್ವೇಸಿವ್ (ಸುತ್ತಲಿನ ಅಂಗಾಂಶಕ್ಕೆ ಹರಡಿದ) ಕ್ಯಾನ್ಸರ್‌ನಲ್ಲಿ, ಮುಂದೆ ರೇಡಿಯೇಶನ್ ಕೊಡುವುದಿದ್ದರೆ, ಇಂಕಿಗೆ ತಾಗದಿದ್ದರೆ ಸಾಕು ಅಂತ ಅಮೆರಿಕದ ತಜ್ಞರ 2014ರ ಮಾರ್ಗಸೂಚಿ ಹೇಳುತ್ತದೆ. ಸ್ತನದ ಹಾಲಿನ ನಾಳಗಳೊಳಗೇ ಇರುವ ಆರಂಭಿಕ ಕ್ಯಾನ್ಸರ್ ಡಿಸಿಐಎಸ್‌ಗೆ 2 ಮಿ.ಮೀ. ಅಂತರ ಬೇಕು.

ಜಾಸ್ತಿ ತೆಗೆದಷ್ಟೂ ಒಳ್ಳೇದಲ್ವಾ? 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಹಾಗೆಯೇ ನಂಬಿದ್ದರು. ಸ್ತನ, ಎದೆಯ ಸ್ನಾಯು, ಕಂಕುಳಿನ ಲಿಂಫ್ ಗಂಟು ಎಲ್ಲವನ್ನೂ ತೆಗೆಯುತ್ತಿದ್ದರು. ಅಮೆರಿಕದ ಇನ್ನೊಬ್ಬ ಸರ್ಜನ್ ಬರ್ನಾರ್ಡ್ ಫಿಶರ್ ಅವರ ತಂಡ 1976ರಲ್ಲಿ ರೋಗಿಗಳ ಮೇಲೆ ಶುರು ಮಾಡಿದ ಟ್ರಯಲ್‌ನ (ಪ್ರಯೋಗದ) 20 ವರ್ಷಗಳ ಫಲಿತಾಂಶ 2002ರಲ್ಲಿ ಬಂತು. ಇಡೀ ಸ್ತನ ತೆಗೆಸಿಕೊಂಡವರಿಗೂ ಲಂಪೆಕ್ಟಮಿ ಆದವರಿಗೂ ಬದುಕುಳಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಲಂಪೆಕ್ಟಮಿ ನಂತರ ರೇಡಿಯೇಶನ್ ಪಡೆಯದವರಲ್ಲಿ ಸುಮಾರು 39% ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸಿತು, ಪಡೆದವರಲ್ಲಿ 14%. ಈ ಎರಡು ಅಂಕಿ ಬಾಯಿಪಾಠ ಮಾಡಿಕೊಳ್ಳಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉಪಯೋಗಕ್ಕೆ ಬರುತ್ತವೆ.

ಕತ್ತರಿಸಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಅದಕ್ಕೇ ಪೆಥಾಲಜಿ ರಿಪೋರ್ಟ್ ಬಂದ ಮೇಲೆ, ಬೇರೆ ಬೇರೆ ತಜ್ಞರು ಸೇರಿ ಚಿಕಿತ್ಸೆ ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಮೀಟಿಂಗ್‌ನಲ್ಲೂ ಕೂರಿ, ಸುಮ್ನೆ ಹಿಂದಿನ ಸಾಲಿನಲ್ಲಾದರೂ. ಗಡ್ಡೆಯ ಅಳತೆ, ಗ್ರೇಡ್ (ಕೋಶಗಳು ಎಷ್ಟು ಬದಲಾಗಿವೆ), ಲಿಂಫ್ ಗಂಟುಗಳು, ಇಆರ್, ಪಿಆರ್ (ಹಾರ್ಮೋನ್ ರಿಸೆಪ್ಟರ್‌ಗಳು), ಹರ್-2 (ಕೋಶದ ಮೇಲಿನ ಒಂದು ಪ್ರೋಟೀನ್) ನೋಡಿಯೇ ಕೀಮೋ, ಹಾರ್ಮೋನ್ ಮಾತ್ರೆ, ರೇಡಿಯೇಶನ್ ತೀರ್ಮಾನವಾಗುತ್ತದೆ. ನೀವು ಕಂಡ ತುಂಡಿನ ಮಾರ್ಜಿನ್ ಪಾಸಿಟಿವ್ ಬಂದಿದ್ದರೆ, ಯಾವ ಬದಿ ಅಂತ ಕೇಳಿ. ಆ ಎರಡು ದಾರಗಳಿಂದಲೇ ಉತ್ತರ ಸಿಗುತ್ತದೆ.