ಸೆಲ್ಫ್ ತೆಗೆದುಕೊಳ್ಳುವುದೇ ಬೇರೆ, ಸ್ಟಾರ್ಟ್ ಆಗುವುದೇ ಬೇರೆ

ಪೆಟ್ರೋಲ್ ಮುಗಿದು ನಿಂತಿದ್ದ ಕಾರಿನ ಮಾಲೀಕರೊಬ್ಬರು ‘ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ’ ಎಂದು ಫೋನಿನಲ್ಲಿ ಹೇಳಿದ್ದರಿಂದ ಮೆಕ್ಯಾನಿಕ್ ಬ್ಯಾಟರಿ ಹೊತ್ತು ಬಂದದ್ದನ್ನು ಮೊನ್ನೆ ಕಂಡೆ. ಇಂಥದ್ದನ್ನು ಕಾಣುತ್ತಿರುವುದು ಇದೇ ಮೊದಲಲ್ಲ. ಆ ಕಾರು ಸೆಲ್ಫನ್ನು ಚೆನ್ನಾಗಿಯೇ ತೆಗೆದುಕೊಳ್ಳುತ್ತಿತ್ತು. ಸ್ಟಾರ್ಟ್ ಆಗುತ್ತಿರಲಿಲ್ಲ, ಅಷ್ಟೆ.

‘ಸೆಲ್ಫ್ ಸ್ಟಾರ್ಟರ್’ ಎಂಬುದರ ಬಾಲ ಕತ್ತರಿಸಿ ನಾವು ಮಾಡಿಕೊಂಡ ನಾಮಪದ ಈ ‘ಸೆಲ್ಫ್’. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬರುವ ಮುನ್ನ, ಸಾಮಾನ್ಯವಾಗಿ ಯಾರಾದರೂ ಕಾರಿನ ಮುಂದೆ ಬಗ್ಗಿ, ಡೊಂಕು ಹ್ಯಾಂಡಲ್ ತೂರಿಸಿ ಎಂಜಿನ್ ತಿರುಗಿಸಬೇಕಾಗಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುವುದೂ ಇತ್ತು. ಆ ಡೊಂಕು ಹಿಡಿಯೇ ಕ್ರ್ಯಾಂಕ್. ಇಂಗ್ಲಿಷಿನಲ್ಲಿ ಆ ಪದದ ಬೇರು ಬಾಗುವಿಕೆಯ ಅರ್ಥದ್ದೇ. ಹೊರಗಿನ ಕೈ ಬೇಡವಾದದ್ದರಿಂದ ‘ಸೆಲ್ಫ್’ ಎಂಬ ಮಾತು ಬಂತು. ಆದ್ದರಿಂದ ಸೆಲ್ಫಿನ ಕೆಲಸ ಆ ಕೈಯ ಕೆಲಸವಷ್ಟೇ, ಅಂದರೆ ಎಂಜಿನ್ನನ್ನು ತಿರುಗಿಸುವುದು. ತಿರುಗಿದ ಮೇಲೆ ಹೊತ್ತಿಕೊಳ್ಳುವುದಕ್ಕೆ ಇಂಧನ, ಗಾಳಿ, ಪೆಟ್ರೋಲ್ ಕಾರಾದರೆ ಕಿಡಿ ಬೇಕು, ಮತ್ತು ಅವುಗಳ ಕೊರತೆಗೆ ಸೆಲ್ಫ್ ಹೊಣೆಯಲ್ಲ.

ನಿಜವಾಗಿಯೂ ಸೆಲ್ಫ್ ತೆಗೆದುಕೊಳ್ಳದಿದ್ದಾಗಲೂ ‘ಸೆಲ್ಫ್ ಹೋಗಿದೆ’ ಎಂಬ ತೀರ್ಪು ಅವಸರದ್ದು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡಬೇಕು. ‘ಟಕಟಕಟಕ’ ಎಂಬ ಸದ್ದಿನೊಂದಿಗೆ ಬೆಳಕು ಸೊರಗಿದರೆ ಬ್ಯಾಟರಿಯ ಶಕ್ತಿ ಕುಂದಿರುತ್ತದೆ, ಇಲ್ಲವೇ ತಂತಿ ಜೋಡಿಸುವ ಅದರ ಟರ್ಮಿನಲ್ ಸಡಿಲವಾಗಿ ಬಿಳಿ ಪುಡಿ ಕಟ್ಟಿರುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಆದರೆ ಕೀ ತಿರುಗಿಸಿದಾಗಲೂ 9.6ರ ಆಸುಪಾಸಿಗಿಂತ ಕೆಳಕ್ಕಿಳಿಯದಿದ್ದರೆ ಮಾತ್ರ ಅದನ್ನು ನಂಬಬಹುದು. ಬೆಳಕು ಕುಗ್ಗದೆ ‘ಟಕ್’ ಎಂದು ಒಂದೇ ಸದ್ದು ಬಂದು ನಿಂತರೆ ಸೊಲೆನಾಯ್ಡ್ (ಸ್ಟಾರ್ಟರಿಗೆ ವಿದ್ಯುತ್ ಹರಿಸುವ ಕಾಂತದ ಸ್ವಿಚ್) ಅಥವಾ ಸ್ಟಾರ್ಟರ್ ಮೋಟಾರಿನ ಮೇಲೆ ಅನುಮಾನಪಡಲು ಕಾರಣವುಂಟು. ಮೋಟಾರ್ ‘ಗುಂಯ್’ ಎಂದು ತಾನೊಂದೇ ಸುತ್ತಿದರೆ ಅದರ ಹಲ್ಲು ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿಗೆ ಕಚ್ಚಿಕೊಳ್ಳುತ್ತಿಲ್ಲ ಎಂದರ್ಥ.

ಬೆಳಕೂ ಕುಗ್ಗದೆ, ಸದ್ದೂ ಬಾರದೆ ಇದ್ದರೆ ಕೀ ಸ್ವಿಚ್, ರಿಲೇ, ಫ್ಯೂಸ್‌ಗಳನ್ನು ಪರೀಕ್ಷಿಸಬೇಕು. ಅದಕ್ಕೂ ಮೊದಲು, ಕ್ಲಚ್ ಪೂರ್ತಿ ಒತ್ತದಿದ್ದರೆ ಈಗಿನ ಅನೇಕ ಕಾರುಗಳು, ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಆಟೋಮ್ಯಾಟಿಕ್ ಕಾರುಗಳು, ಸೆಲ್ಫ್ ತೆಗೆದುಕೊಳ್ಳದಂತೆ ಕಂಪನಿಯವರೇ ತಡೆಯಿಟ್ಟಿರುತ್ತಾರೆ ಎಂಬುದನ್ನು ನೆನೆದು, ಒಮ್ಮೆ ಕಾಲಿನತ್ತ, ಒಮ್ಮೆ ಗೇರಿನತ್ತ ನೋಡಿಕೊಂಡು ಆಮೇಲೆ ಫೋನ್ ತೆಗೆಯುವುದು ಲೇಸು.