ಕೊಬ್ಬರಿಯ ತೇವ, ಎಣ್ಣೆಯ ಹಣೆಬರಹ

ತಿಪಟೂರು ಸೀಮೆಯವರಿಗೆ ಕೊಬ್ಬರಿಯೆಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಕಾಯಿಯನ್ನು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅದು ತಿನ್ನುವ ಸರಕು; ಹೆಚ್ಚಿನ ಪಾಲು ಉತ್ತರ ಭಾರತದ ಹಬ್ಬ, ಮದುವೆ, ಮಿಠಾಯಿಗಳಿಗೆ ಹೋಗುತ್ತದೆ. ಗಿರಣಿಗೆ ಬೇಕಾದದ್ದು ಕಾಯಿಯನ್ನು ಹೋಳು ಮಾಡಿ ಒಣಗಿಸಿದ ಮಿಲ್ಲಿಂಗ್ ಕೊಬ್ಬರಿ. ಕೇಂದ್ರ ಸರ್ಕಾರ ಇವೆರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆ ನಿಗದಿಪಡಿಸುತ್ತದೆ. 2025ರ ಹಂಗಾಮಿಗೆ ಕ್ವಿಂಟಲ್ ಉಂಡೆಗೆ 12,100 ರೂಪಾಯಿ, ಮಿಲ್ಲಿಂಗ್ ಕೊಬ್ಬರಿಗೆ 11,582 ರೂಪಾಯಿ ಇತ್ತು.

ಎಣ್ಣೆಯ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿರುವ ನಾನು ಗಿರಣಿಗೆ ಹೋದಾಗ ಮೊದಲು ನೋಡುವುದು ಯಂತ್ರವನ್ನಲ್ಲ, ಚೀಲವನ್ನು. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ, ಅದು ಶೇ. 6ರ ಆಸುಪಾಸಿಗೆ ಇಳಿಯಬೇಕು. ಚೀಲದ ತಳದಿಂದ ಒಂದು ಹೋಳು ತೆಗೆದು ಮುರಿದಾಗ ಅದು ಟಪ್ಪೆಂದು ಮುರಿದರೆ ಸರಿ, ಬಾಗಿದರೆ ತೇವ ಉಳಿದಿದೆ ಎಂದೇ ಅರ್ಥ. ತೇವವಿದ್ದಲ್ಲಿ ಬೂಷ್ಟು ಹಿಡಿಯುತ್ತದೆ, ಕೊಬ್ಬು ಒಡೆದು ಆಮ್ಲಗಳು ಬಿಡುಗಡೆಯಾಗುತ್ತವೆ, ಎಣ್ಣೆಗೆ ಸಾಬೂನಿನಂಥ ಕಮಟು ವಾಸನೆ ಬರುತ್ತದೆ. ಮಳೆಗಾಲದಲ್ಲಿ ಕರಟ ಉರಿಸಿ ಹೊಗೆಯಲ್ಲೇ ಒಣಗಿಸುವವರಿದ್ದಾರೆ. ಆ ಹೊಗೆ ಎಣ್ಣೆಗೂ ಅಂಟುತ್ತದೆ. ಇದ್ದಿಲಾಗಿ ಸುಟ್ಟು ಮಾರಿದರೆ ನೀರು ಶುದ್ಧೀಕರಿಸುವ ಸಕ್ರಿಯ ಇಂಗಾಲಕ್ಕೆ ಕಚ್ಚಾವಸ್ತುವಾಗುವ ಕರಟವನ್ನು ಒಲೆಗೆ ಹಾಕುವುದು ನನಗಂತೂ ನಷ್ಟದ ಬಾಬತ್ತಾಗಿಯೇ ಕಾಣುತ್ತದೆ.

ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಯಿತೆಂದು ಕಲಬೆರಕೆಯ ದೂರು ತರುವವರಿಗೆ ಒಂದು ಮಾತು: ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವಿರುವುದರಿಂದ 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ. ಸಾಬೂನು ತಯಾರಕರು ಇದನ್ನು ಬಯಸುವುದೂ ಆ ಆಮ್ಲಕ್ಕಾಗಿಯೇ; ಅದರಿಂದ ನೊರೆ ಚೆನ್ನಾಗಿ ಬರುತ್ತದೆ.

ನನ್ನ ನಿಜವಾದ ಆತಂಕ ಹಿಂಡಿಯದು. ಹಳದಿ ಹಸಿರು ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಶುದ್ಧೀಕರಣದ ಹಂತಗಳಲ್ಲಿ ಎಣ್ಣೆಯಿಂದ ಅದನ್ನು ಬಹುಮಟ್ಟಿಗೆ ತೆಗೆಯಬಹುದು, ಆದರೆ ಹಿಂಡಿ ನೇರವಾಗಿ ಕೊಟ್ಟಿಗೆಗೆ ಹೋಗುತ್ತದೆ, ಹಸು ತಿಂದ ವಿಷದ ಒಂದು ಪಾಲು ಹಾಲಿಗೆ ಇಳಿಯುತ್ತದೆ. ಆದ್ದರಿಂದ ಬೂಷ್ಟು ಹಿಡಿದ ಹೋಳುಗಳನ್ನು ಅರೆಯುವ ಮೊದಲೇ ಆರಿಸಿ ಹೊರಗಿಡುವಂತೆ ಗಿರಣಿಯವರಿಗೆ ಪ್ರತಿ ಸಲವೂ ಹೇಳುತ್ತೇನೆ. ತೂಕ ಕಡಿಮೆಯಾಗುತ್ತದೆಂದು ಅವರು ಗೊಣಗುತ್ತಾರೆ.