ಪರಿಷೆಯಲ್ಲಿ ಸಿಗ್ನಲ್ ಫುಲ್ ಇತ್ತು, ದುಡ್ಡು ಮಾತ್ರ ಹೋಗಲಿಲ್ಲ

ಓದುಗರ ಪ್ರಶ್ನೆ: ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನನ್ನ ಫೋನ್ 5ಜಿ ತೋರಿಸುತ್ತಿತ್ತು. ಸಿಗ್ನಲ್ ಕಡ್ಡಿಗಳೂ ಪೂರ್ತಿ ಇದ್ದವು. ಆದರೂ ಎರಡು ಸೇರು ಕಡಲೆಕಾಯಿಗೆ ಯುಪಿಐ ಮಾಡೋಕೆ ಹತ್ತು ನಿಮಿಷ ಒದ್ದಾಡಿದೆ. ನೆಟ್‌ವರ್ಕ್ ಸ್ಲೈಸಿಂಗ್ ಬಂದರೆ ಈ ತೊಂದರೆ ತಪ್ಪುತ್ತದಂತೆ, ಹೌದಾ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆದರೆ ಸ್ಲೈಸಿಂಗ್‌ನಿಂದ ಗಾಳಿಯಲ್ಲಿ ಹೊಸ ಜಾಗ ಹುಟ್ಟುವುದಿಲ್ಲ. ಇರುವುದರಲ್ಲೇ ಯಾರಿಗೆ ಮೊದಲು, ಯಾರಿಗೆ ಎಷ್ಟು ಅಂತ ಅದು ಗೊತ್ತು ಮಾಡುತ್ತದೆ.

ಕಾರ್ತಿಕ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಬುಲ್ ಟೆಂಪಲ್ ರಸ್ತೆಯಲ್ಲಿ ನಾನೂ ಹೀಗೇ ಫೋನ್ ಹಿಡಿದು ನಿಂತಿದ್ದೆ. ಮಾರುತ್ತಿದ್ದ ಅಜ್ಜಿ, "ಆಮೇಲೆ ಕೊಡು ಹೋಗಪ್ಪ" ಅಂದರು. ಆ ಜನಜಂಗುಳಿಯಲ್ಲಿ ಎಷ್ಟು ಮಂದಿ ವಾಪಸ್ ಹೋಗಿ ಕೊಟ್ಟಿರುತ್ತಾರೆ ಎಂಬ ಯೋಚನೆ ಇನ್ನೂ ಕಾಡುತ್ತದೆ.

ಮೊದಲು ಕಡ್ಡಿಗಳ ವಿಷಯ. ಟವರ್‌ನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಅಂತ ಅವು ತೋರಿಸುತ್ತವೆ, ಅಷ್ಟೇ. ನಿಮ್ಮ ಮುಂದೆ ಕ್ಯೂ ಎಷ್ಟು ಉದ್ದ ಇದೆ ಅನ್ನುವುದು ಅವುಗಳಿಂದ ತಿಳಿಯುವುದಿಲ್ಲ.

ನಮ್ಮಲ್ಲಿ 5ಜಿಗೆ ಬಳಸುವ ಒಂದು ಮುಖ್ಯ ಬ್ಯಾಂಡ್, ಅಂದರೆ ರೇಡಿಯೊ ತರಂಗಗಳ ಪಟ್ಟಿ, 3.3 ಗಿಗಾಹರ್ಟ್ಸ್‌ನದು. ಅಲ್ಲಿ ಒಂದು ಕಂಪನಿಯ ಬಳಿ 100 ಮೆಗಾಹರ್ಟ್ಸ್ ಅಗಲದ ಜಾಗ ಇದ್ದರೆ ಅದು 273 ತುಂಡುಗಳಾಗುತ್ತದೆ. ಇವಕ್ಕೆ ರಿಸೋರ್ಸ್ ಬ್ಲಾಕ್ ಅನ್ನುತ್ತಾರೆ. ಅರ್ಧ ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 2,000 ಸಲ, ಟವರ್‌ನ ಶೆಡ್ಯೂಲರ್ ಎಂಬ ಸಾಫ್ಟ್‌ವೇರ್ ಇವನ್ನು ಫೋನುಗಳಿಗೆ ಹಂಚುತ್ತದೆ. ಅದರಲ್ಲೂ ಜಾಸ್ತಿ ಸಮಯ ಸಿಗುವುದು ಟವರ್‌ನಿಂದ ಫೋನಿಗೆ ಬರುವ ಡೇಟಾಗೆ. ಫೋನಿನಿಂದ ಮೇಲಕ್ಕೆ ಹೋಗುವ ದಾರಿ ಕಿರಿದು. ಪರಿಷೆಗೆ ಬಂದವರು ವಿಡಿಯೊ ತೆಗೆದು ಅಲ್ಲೇ ನಿಂತು ಹಾಕುತ್ತಾರೆ, ಅಲ್ವಾ? ಮೊದಲು ಕಟ್ಟಿಕೊಳ್ಳುವುದು ಆ ಕಿರಿದಾದ ದಾರಿಯೇ.

ಅದಕ್ಕೂ ಮುಂಚೆ ಒಂದು ತೊಡಕು ಇದೆ. ಜೇಬಿನಲ್ಲಿ ಸುಮ್ನೆ ಇದ್ದ ಫೋನು ಏನಾದರೂ ಕಳಿಸಬೇಕಾದರೆ ಮೊದಲು ಟವರ್‌ನ ಬಾಗಿಲು ತಟ್ಟಬೇಕು. ಒಂದು ಸಲಕ್ಕೆ ತಟ್ಟಲು ಇರುವುದು 64 ಬಗೆಯ ಸದ್ದು. ಇಬ್ಬರು ಒಂದೇ ಸದ್ದು ಆರಿಸಿಕೊಂಡರೆ ಡಿಕ್ಕಿ. ಆಮೇಲೆ ಸ್ವಲ್ಪ ಕಾದು ಮತ್ತೆ ತಟ್ಟಬೇಕು. ಯುಪಿಐಗೆ ಬೇಕಾದ ಡೇಟಾ ತೀರಾ ಚಿಕ್ಕದು. ಆದರೂ ಸಾವಿರಾರು ಫೋನುಗಳು ಒಟ್ಟಿಗೆ ತಟ್ಟುವಾಗ ಅದು ಹೊಸ್ತಿಲಲ್ಲೇ ಸಿಕ್ಕಿಕೊಳ್ಳಬಹುದು.

ಈಗ ಸ್ಲೈಸಿಂಗ್, ಅಂದರೆ ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಬಳಕೆಗೆ ಪಾಲು ಮಾಡುವುದು. ಅಂಥ ಒಂದೊಂದು ಪಾಲೂ ಒಂದು ಸ್ಲೈಸ್. ಕಡಲೆಕಾಯಿ ರಾಶಿಯನ್ನೇ ನೋಡಿ. ಹೋಟೆಲಿನವರೊಬ್ಬರು ಬೆಳಿಗ್ಗೆ ಬಂದು, "ಒಂದು ಮೂಟೆ ನನಗಿರಲಿ, ಸಂಜೆ ಬರ್ತೀನಿ" ಅಂದರು. ಮಾರುವವರು ಮೂಟೆ ಕಟ್ಟಿ ಹಿಂದಕ್ಕೆ ಇಟ್ಟುಬಿಡಬಹುದು. ಆಗ ಎದುರಿಗೆ ಗಿರಾಕಿ ಕಾಯುತ್ತಿದ್ದರೂ ಅದನ್ನು ಬಿಚ್ಚುವಂತಿಲ್ಲ. ಅಥವಾ ಅದರಿಂದಲೂ ಅಳೆದು ಕೊಟ್ಟು, ಮುಂದಿನ ಲೋಡ್ ಇಳಿದ ಕೂಡಲೇ ಮೊದಲ ಮೂಟೆಯನ್ನು ಹೋಟೆಲಿನವರಿಗೆ ಕೊಡಬಹುದು. ಕಡಲೆಕಾಯಿಯಲ್ಲಿ ಎರಡನೆಯದು ಅಪಾಯ, ಲೋಡ್ ಬರದೇ ಹೋಗಬಹುದು. ರೇಡಿಯೊದಲ್ಲಿ ಆ ಭಯವಿಲ್ಲ. ಅರ್ಧ ಮಿಲಿಸೆಕೆಂಡಿಗೆ ಹೊಸ ರಾಶಿ ಬಂದು ಬೀಳುತ್ತದೆ. ಆ ಹೊತ್ತಿನಲ್ಲಿ ಬಳಸದೆ ಬಿಟ್ಟ ತುಂಡು ಅಲ್ಲಿಗೇ ಹಾಳು, ನಾಳೆಗೆ ಎತ್ತಿಡಲು ಆಗುವುದಿಲ್ಲ.

ಅದಕ್ಕೇ 5ಜಿ ನಿಯಮಗಳಲ್ಲಿ ಪ್ರತಿ ಸ್ಲೈಸ್‌ಗೆ ಮೂರು ಲೆಕ್ಕ ಇಡಬಹುದು: ಯಾರೂ ಮುಟ್ಟಬಾರದ ಪಾಲು, ಬೇಕೆಂದಾಗ ಸಿಗಲೇಬೇಕಾದ ಪಾಲು, ದಾಟಬಾರದ ಮಿತಿ. ಜಾಣತನ ಇರುವುದು ನಡುವಿನದರಲ್ಲಿ. ಪಾವತಿಗೆ ಅಂಥ ಸಣ್ಣ ಪಾಲು ಕೊಟ್ಟರೆ ಬೇರೆಯವರಿಗೆ ನಷ್ಟವೇ ಇಲ್ಲ ಅನ್ನಬಹುದು. ಪಾವತಿ ಇಲ್ಲದ ಹೊತ್ತಿನಲ್ಲಿ ಆ ತುಂಡುಗಳಲ್ಲಿ ವಿಡಿಯೊ ಹೋಗುತ್ತಿರುತ್ತದೆ. ಬಾಗಿಲು ತಟ್ಟುವುದರಲ್ಲೂ ಸ್ಲೈಸ್‌ಗೆ ತಕ್ಕಂತೆ ಬೇರೆ ಸರದಿ ಇಡಲು 2022ರಲ್ಲಿ ಮುಗಿದ, ರಿಲೀಸ್ 17 ಎಂಬ 5ಜಿ ನಿಯಮಗಳ ಆವೃತ್ತಿಯಲ್ಲಿ ಅವಕಾಶ ಮಾಡಿದ್ದಾರೆ.

ಆದರೆ ಇದಕ್ಕೆ ಪೂರ್ತಿ 5ಜಿ ಕೋರ್, ಅಂದರೆ ಟವರ್‌ಗಳ ಹಿಂದೆ ನಿಂತು ಇಡೀ ನೆಟ್‌ವರ್ಕ್ ನಡೆಸುವ ಭಾಗ, ಬೇಕು. 4ಜಿ ಕೋರ್ ಮೇಲೆ ಕೂರಿಸಿದ 5ಜಿಯಲ್ಲಿ ಇದು ನಡೆಯುವುದಿಲ್ಲ. ಯಾವ ಆಪ್ ಯಾವ ಸ್ಲೈಸ್‌ಗೆ ಅಂತ ಫೋನಿಗೂ ಗೊತ್ತಿರಬೇಕು. ಒಂದು ಫೋನು ಒಟ್ಟಿಗೆ 8 ಸ್ಲೈಸ್‌ಗಳವರೆಗೆ ಬಳಸಬಹುದು. ಇನ್ನೊಂದು ಮಾತು ಯಾರೂ ಗಮನಿಸುವುದಿಲ್ಲ. ಅಂಗಡಿಯಲ್ಲಿ "ಹಣ ಬಂದಿದೆ" ಅಂತ ಕೂಗುವ ಸೌಂಡ್‌ಬಾಕ್ಸ್‌ಗಳು ಸಾಮಾನ್ಯವಾಗಿ 4ಜಿ ಇಲ್ಲವೇ 2ಜಿಯವು. ನಿಮ್ಮ ಫೋನಿಗೆ ಸ್ಲೈಸ್ ಸಿಕ್ಕರೂ ಅಜ್ಜಿಯ ಪೆಟ್ಟಿಗೆ ಹಳೆಯ ಕ್ಯೂನಲ್ಲೇ ಇರುತ್ತದೆ. ಈ ಜನಸಾಗರಕ್ಕೆ ಗಾಡಿ ಮೇಲಿನ ತಾತ್ಕಾಲಿಕ ಟವರ್‌ಗಳೂ ಬೇಕೇ ಬೇಕು.

ಮುಂದಿನ ನೆಟ್‌ವರ್ಕ್‌ಗಳಲ್ಲಿ ಪಾಲನ್ನು ಮೊದಲೇ ಊಹಿಸಿ ಹೊಂದಿಸುವ ಕೆಲಸದ ಮೇಲೆ ಜಾಸ್ತಿ ಗಮನ ಇದೆ. ಹಳೆಯ ದಟ್ಟಣೆಯ ಲೆಕ್ಕ ನೋಡಿ ಸ್ಲೈಸ್‌ಗಳ ಪಾಲನ್ನು ಆಗಾಗ ಬದಲಿಸುವುದು ಒಂದು ಹಂತ, ಅದರೊಳಗೆ ತುಂಡುಗಳನ್ನು ಕ್ಷಣಕ್ಷಣಕ್ಕೂ ಹಂಚುವುದು ಇನ್ನೊಂದು. ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಅಂತ ಪಂಚಾಂಗದಲ್ಲೇ ಇದೆ. ಇದಕ್ಕಿಂತ ಸುಲಭವಾಗಿ ಊಹಿಸಬಹುದಾದ ದಟ್ಟಣೆ ಇನ್ನೆಲ್ಲಿದೆ?

ಯಾರಿಗೆ ಪಾಲು ಅನ್ನುವುದನ್ನು ಮಾತ್ರ ಸಾಫ್ಟ್‌ವೇರ್‌ಗೆ ಬಿಡುವಂತಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನೆಟ್ ನ್ಯೂಟ್ರಾಲಿಟಿ ನಿಯಮಗಳಿಗೆ, ಅಂದರೆ ಇಂಟರ್‌ನೆಟ್‌ನಲ್ಲಿ ಎಲ್ಲ ಡೇಟಾವನ್ನೂ ಸಮನಾಗಿ ಕಾಣಬೇಕು ಅನ್ನುವ ನಿಯಮಗಳಿಗೆ, ಒಪ್ಪಿಗೆ ಕೊಟ್ಟಾಗ, ತಾನೇ ಓಡುವ ಕಾರು, ದೂರದಿಂದ ಮಾಡುವ ಚಿಕಿತ್ಸೆಯಂಥವಕ್ಕೆ ವಿನಾಯಿತಿ ಇಟ್ಟಿತು. ಸಂತೆ, ಜಾತ್ರೆಗಳ ಸಣ್ಣ ಪಾವತಿಗೂ ಹಾಗೊಂದು ಪಾಲು ಇರಬೇಕು, ಅದೂ ಎಲ್ಲ ಆಪ್‌ಗಳಿಗೂ ಸಮನಾಗಿ ಸಿಗಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಜಾಸ್ತಿ ದುಡ್ಡು ಕೊಟ್ಟ ಆಪ್‌ಗೆ ಮಾತ್ರ ಸಿಕ್ಕಿದರೆ ಸೇರಿನಲ್ಲಿ ಅಳೆದು ಮಾರುವವರು ಮತ್ತೆ ಹಿಂದೆ ಉಳಿಯುತ್ತಾರೆ.

ಸದ್ಯಕ್ಕೆ, ಪಾವತಿ ಸಿಕ್ಕಿಕೊಂಡಾಗ ಫೋನನ್ನು 4ಜಿಗೆ ಬದಲಿಸಿ ನೋಡಿ. ಆ ಬ್ಯಾಂಡ್‌ನಲ್ಲಿ ಜನ ಕಡಿಮೆ ಇದ್ದರೆ ಕೆಲಸ ಆಗಬಹುದು. ಪರಿಷೆಗೆ ಹೊರಡುವಾಗ ಜೇಬಿನಲ್ಲಿ ನೂರು, ಐವತ್ತರ ಕೆಲವು ನೋಟು ಇಟ್ಟುಕೊಳ್ಳಿ.